ಮೊಲದ ರೋಗನಿರೋಧಕ ವಂಶವಾಹಿಗಳು: ಕುರಿ, ದನ, ಇಲಿ ಮತ್ತು ಮನುಷ್ಯರೊಡನೆ ಹೋಲಿಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಸಾರಿ ನೆಲದ ಕುರುಚಲು ಬಯಲಿನಲ್ಲಿ ಮೂರು ಸಸ್ತನಿಗಳ ಹೆಜ್ಜೆ ಒಂದೇ ಹುಲ್ಲಿನ ಮೇಲೆ ಬೀಳುತ್ತದೆ. ಒಂದು ಕರಿಕತ್ತಿನ ಕಾಡುಮೊಲ, ಇನ್ನೊಂದು ಬಳ್ಳಾರಿ ತಳಿಯ ಕುರಿ, ಮೂರನೆಯದು ಆ ಕುರಿಯ ಹಿಂದೆ ಕಂಬಳಿ ಹೊದ್ದು ನಡೆಯುವ ಮನುಷ್ಯ. ಮೂವರ ಮೈಯಲ್ಲೂ ರೋಗ ತಡೆಯುವ ಮೂಲಸಾಮಗ್ರಿ ಒಂದೇ: ಪ್ರತಿಕಾಯ ಹೆಣೆಯುವ ಬಿ ಕೋಶ, ಸೋಂಕು ತಗುಲಿದ ಕೋಶವನ್ನು ಗುರುತಿಸುವ ಟಿ ಕೋಶ, ವೈರಾಣು ಬಂದ ಸುದ್ದಿ ಸಾರುವ ಇಂಟರ್‌ಫೆರಾನ್. ಈ ಸಾಮಗ್ರಿ ಸಸ್ತನಿಗಳೆಲ್ಲಕ್ಕೂ ಪೂರ್ವಿಕರಿಂದ ಬಂದ ಆಸ್ತಿ. ಆದರೆ ಪಾಲಾದ ಮೇಲೆ ಒಂದೊಂದು ಮನೆಯವರು ಆಸ್ತಿಯನ್ನು ಒಂದೊಂದು ಬಗೆಯಲ್ಲಿ ಬಳಸಿದರು. ಕೆಲವರು ಬೆಳೆಸಿದರು, ಕೆಲವರು ಕಳೆದರು. ಮೊಲದ ಪಾಲನ್ನು ಉಳಿದವರ ಪಾಲಿನ ಜೊತೆಗಿಟ್ಟು ನೋಡಿದಾಗ ತಿಳಿಯುವ ಮುಖ್ಯ ಸಂಗತಿಯೆಂದರೆ, ರೋಗನಿರೋಧಕ ಜೀನ್‌ಗಳ ಎಣಿಕೆಯಿಂದ ಪ್ರಾಣಿಯ ರಕ್ಷಣೆಯನ್ನು ಅಳೆಯಲಾಗದು. ಯಾವ ಜೀನನ್ನು ಯಾವ ವಯಸ್ಸಿನಲ್ಲಿ, ಮೈಯ ಯಾವ ಅಂಗದಲ್ಲಿ ಬಳಸುತ್ತದೆ ಎಂಬುದೇ ನಿರ್ಣಾಯಕ.

ಮೊದಲು ಹೆಸರಿನ ತೊಡಕು ಬಿಡಿಸಬೇಕು. ಕನ್ನಡದಲ್ಲಿ ‘ಮೊಲ’ ಎಂಬ ಒಂದೇ ಮಾತು ಎರಡು ಬೇರೆ ಕುಲಗಳನ್ನು ಹೊತ್ತಿದೆ. ಪ್ರಯೋಗಾಲಯದಲ್ಲೂ ಸಾಕಣೆಯ ಗೂಡಿನಲ್ಲೂ ಇರುವುದು ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್, ಐಬೀರಿಯ ಪರ್ಯಾಯದ್ವೀಪದ ಮೂಲದ ಯುರೋಪಿನ ಮೊಲ. ಅದು ಬಿಲ ತೋಡುತ್ತದೆ, ಕೂದಲಿಲ್ಲದ ಕಣ್ಣುಮುಚ್ಚಿದ ಮರಿ ಹಾಕುತ್ತದೆ. ಕೂಡ್ಲಿಗಿಯ ಬಯಲಿನದು ಲೀಪಸ್ ನೈಗ್ರಿಕಾಲಿಸ್. ಅದು ಬಿಲ ತೋಡದು. ಅದರ ಮರಿ ರೋಮ ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ. ಹಂಪೆಯ ಹೊಳೆದಡದಲ್ಲಿ ಬೇಟೆನಾಯಿಗಳ ಮೇಲೆ ತಿರುಗಿಬಿದ್ದು ವಿಜಯನಗರದ ಸ್ಥಾಪನೆಗೆ ಕಾರಣವಾಯಿತೆಂದು ಐತಿಹ್ಯ ಹೇಳುವ ಮೊಲವೂ ಈ ಕುಲದ್ದೇ ಆಗಿರಬೇಕು, ಏಕೆಂದರೆ ಇನ್ನೊಂದು ಆ ನೆಲದ್ದಲ್ಲ. ಎರಡೂ ಕುಲಗಳು ಸುಮಾರು 1.2 ಕೋಟಿ ವರ್ಷಗಳ ಹಿಂದೆ ಕವಲೊಡೆದವು. ಹಲ್ಲು ನೋಡಿ ಹಿಂದೆ ಮೊಲಗಳನ್ನು ಇಲಿ-ಹೆಗ್ಗಣಗಳ ದಂಶಕ ಗಣಕ್ಕೆ ಸೇರಿಸುತ್ತಿದ್ದರು. 1912ರಲ್ಲಿ ವಿಜ್ಞಾನಿ ಗಿಡ್ಲಿ ಅವನ್ನು ಬೇರೆ ಗಣವಾಗಿ ಬಿಡಿಸಿದ. ಇಲಿಯ ವಂಶಕ್ಕೂ ಮೊಲದ ವಂಶಕ್ಕೂ ನಡುವಿನ ದೂರ ಎಂಟು ಕೋಟಿ ವರ್ಷಗಳ ಆಸುಪಾಸಿನದು. ಈ ಲೇಖನದಲ್ಲಿ ಯುರೋಪಿನದನ್ನು ಸಾಕುಮೊಲವೆಂದೂ ನಮ್ಮ ಬಯಲಿನ ಕುಲವನ್ನು ಕಾಡುಮೊಲವೆಂದೂ ಕರೆಯಲಾಗಿದೆ. ಜೀನ್ ಕುರಿತ ತಿಳಿವಳಿಕೆಯ ಬಹುಭಾಗ ಬಂದಿರುವುದು ಸಾಕುಮೊಲದಿಂದ.

ಪ್ರತಿಕಾಯದ ತುದಿಯಲ್ಲಿ ರೋಗಾಣುವನ್ನು ಹಿಡಿಯುವ ಭಾಗ ಅಸಂಖ್ಯ ಆಕಾರಗಳಲ್ಲಿ ಇರಬೇಕು. ಯಾವ ರೋಗಾಣು ಬರುವುದೋ ಮೊದಲೇ ಗೊತ್ತಿರುವುದಿಲ್ಲ. ಮನುಷ್ಯನೂ ಇಲಿಯೂ ಇದಕ್ಕೆ ಕಂಡುಕೊಂಡ ದಾರಿ ಜೋಡಣೆಯದು. ಪ್ರತಿಕಾಯದ ಎರಡು ಬಗೆಯ ಸರಪಳಿಗಳಲ್ಲಿ ದೊಡ್ಡದಾದ ಭಾರಸರಪಳಿಗೆ ಮನುಷ್ಯನಲ್ಲಿ ಬಳಕೆಯಾಗುವ ವಿ ಎಂಬ ಜೀನ್ ತುಣುಕುಗಳು ಸುಮಾರು 40ರಿಂದ 50, ಡಿ ತುಣುಕುಗಳು 23, ಜೆ ತುಣುಕುಗಳು 6. ಪ್ರತಿ ಬಿ ಕೋಶ ಇವುಗಳಿಂದ ಒಂದೊಂದನ್ನು ಆರಿಸಿ ಹೊಲಿದುಕೊಂಡರೆ ಆರು ಸಾವಿರದಷ್ಟು ಜೋಡಿಗಳಾಗುತ್ತವೆ. ಹೊಲಿಗೆಯ ಅಂಚಿನಲ್ಲಿ ಸೇರುವ-ಉದುರುವ ಅಕ್ಷರಗಳೂ ಹಗುರ ಸರಪಳಿಯೂ ಕೂಡಿದಾಗ ಅದು ಕೋಟಿಗಳಿಗೆ ಏರುತ್ತದೆ. ಸಾಕುಮೊಲದಲ್ಲಿ ವಿ ತುಣುಕುಗಳು ನೂರಕ್ಕೂ ಹೆಚ್ಚಿವೆ. ಅಷ್ಟಿದ್ದೂ ಅದರ ಬಿ ಕೋಶಗಳಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಆರಿಸಿಕೊಳ್ಳುವುದು ಒಂದೇ ಒಂದನ್ನು, ಡಿ ತುಣುಕುಗಳ ಪಕ್ಕದಲ್ಲಿರುವ ವಿಎಚ್1 ಎಂಬುದನ್ನು. ಪೆಟ್ಟಿಗೆ ತುಂಬ ಸೀರೆ ಇಟ್ಟುಕೊಂಡು ದಿನವೂ ಒಂದನ್ನೇ ಉಡುವಂತೆ ಇದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಉಳಿದ ಸೀರೆಗಳು ವ್ಯರ್ಥವಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಬಟ್ಟೆಯ ತುಂಡುಗಳನ್ನು ಒಂದು ಹಾಸಿನ ಮೇಲೆ ಹೊಲಿದು ಕೌದಿ ಮಾಡುವಂತೆ, ಮೊಲದ ಬಿ ಕೋಶ ಬಳಸದೆ ಉಳಿದ ವಿ ತುಣುಕುಗಳಿಂದ ಚೂರುಗಳನ್ನು ನಕಲಿಸಿ ವಿಎಚ್1ರ ಮೇಲೆ ತೇಪೆ ಹಾಕುತ್ತದೆ. ಇದೇ ಜೀನ್ ಪರಿವರ್ತನೆ. ಇದರ ಜೊತೆಗೆ ಬಿಡಿ ಅಕ್ಷರಗಳ ತಿದ್ದುಪಡಿಯೂ ನಡೆಯುತ್ತದೆ. ಎರಡಕ್ಕೂ ಎಐಡಿ ಎಂಬ ಒಂದೇ ಕಿಣ್ವ ಬೇಕು. ಕೋಳಿಯೂ ಬರ್ಸಾ ಎಂಬ ಅಂಗದಲ್ಲಿ ಇದೇ ತೇಪೆ ಕೆಲಸ ಮಾಡುತ್ತದೆ. ಸಸ್ತನಿಯೊಂದು ತನ್ನ ಹತ್ತಿರದ ಬಂಧುವಾದ ಇಲಿಯ ದಾರಿ ಬಿಟ್ಟು ಹಕ್ಕಿಯ ದಾರಿ ಹಿಡಿದಿದ್ದು ಈ ಕ್ಷೇತ್ರದ ಅತ್ಯಂತ ಸ್ವಾರಸ್ಯದ ಸಂಗತಿ.

ತೇಪೆ ಕೆಲಸ ನಡೆಯುವ ಜಾಗ ಮೂಳೆಮಜ್ಜೆಯಲ್ಲ, ಕರುಳು. ಮನುಷ್ಯನಲ್ಲಿ ಕಿರುಬೆರಳಷ್ಟಿದ್ದು ಉರಿಯೂತವಾದಾಗ ಮಾತ್ರ ಸುದ್ದಿಯಾಗುವ ಅಪೆಂಡಿಕ್ಸ್ ಮೊಲದಲ್ಲಿ ದೊಡ್ಡದು, ದುಗ್ಧರಸದ ಅಂಗಾಂಶ ತುಂಬಿದ ಕಾರ್ಯಾಗಾರ. ಮರಿ ಹುಟ್ಟಿ ನಾಲ್ಕರಿಂದ ಎಂಟು ವಾರಗಳ ನಡುವೆ ಬಿ ಕೋಶಗಳು ಅಲ್ಲಿ ತಮ್ಮ ಜೀನ್‌ಗಳನ್ನು ತಿದ್ದಿಕೊಳ್ಳುತ್ತವೆ. ತಿದ್ದುವ ಕೆಲಸಕ್ಕೆ ಕರುಳಿನ ಬ್ಯಾಕ್ಟೀರಿಯಾಗಳೇ ಪ್ರಚೋದನೆ. ಬ್ಯಾಕ್ಟೀರಿಯಾ ತಲುಪದಂತೆ ಮಾಡಿದ ಅಪೆಂಡಿಕ್ಸ್‌ನಲ್ಲಿ ಈ ವೈವಿಧ್ಯ ಬೆಳೆಯುವುದಿಲ್ಲ. ಯಾವುದೋ ಒಂದು ಬ್ಯಾಕ್ಟೀರಿಯಾ ಸಾಲದು, ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಬ್ಯಾಕ್ಟಿರಾಯ್ಡಿಸ್ ಫ್ರಜಿಲಿಸ್ ಜೊತೆಯಾಗಿ ಸೇರಿದಾಗ ಬೆಳೆದದ್ದು ಪ್ರಯೋಗಗಳಲ್ಲಿ ಕಂಡಿದೆ. ಕೆಲವೇ ತಿಂಗಳಲ್ಲಿ ಮಜ್ಜೆಯಲ್ಲಿ ಹೊಸ ಬಿ ಕೋಶಗಳ ಹುಟ್ಟು ತೀರ ಇಳಿದುಹೋಗುತ್ತದೆ, ಎಳವೆಯಲ್ಲಿ ಕೂಡಿಟ್ಟ ಬಂಡವಾಳದಲ್ಲೇ ಮೊಲ ಮುಂದಿನ ಬಾಳು ಸಾಗಿಸುತ್ತದೆ.

ಬಳ್ಳಾರಿ ಕುರಿಯನ್ನು ಪಕ್ಕಕ್ಕೆ ನಿಲ್ಲಿಸಿದರೆ ಹೋಲಿಕೆಗೆ ಮೊನೆ ಬರುತ್ತದೆ. ಕುರಿಯ ಭಾರಸರಪಳಿಯ ವಿ ತುಣುಕುಗಳು ಹತ್ತರ ಆಸುಪಾಸು, ಎಲ್ಲವೂ ಒಂದೇ ಕುಟುಂಬದವು. ನೂರಿರುವ ಮೊಲ ಒಂದನ್ನು ಆರಿಸಿದರೆ, ಕುರಿಯ ಬಳಿ ಆರಿಸಲು ಇರುವುದೇ ಅಷ್ಟು. ಕುರಿಯೂ ಕರುಳನ್ನೇ ನೆಚ್ಚಿದೆ. ಎಳೆಮರಿಯ ಸಣ್ಣಕರುಳಿನ ತುದಿಯಲ್ಲಿ ಇಂಥದೇ ಅಂಗಾಂಶದ, ಮೀಟರುಗಟ್ಟಲೆ ಉದ್ದದ ಪೇಯರ್ ಪಟ್ಟಿ ಇರುತ್ತದೆ, ಪ್ರಾಯಕ್ಕೆ ಬರುವ ಹೊತ್ತಿಗೆ ಕರಗಿಹೋಗುತ್ತದೆ. ಅಲ್ಲಿ ನಡೆಯುವುದು ಮಾತ್ರ ಕೌದಿಯ ತೇಪೆಯಲ್ಲ, ನೂಲಿನ ಬಣ್ಣವನ್ನೇ ಎಳೆ ಎಳೆಯಾಗಿ ಬದಲಿಸುವ ಬಿಡಿ ಅಕ್ಷರಗಳ ತಿದ್ದುಪಡಿ. ರೆನೋ ಮತ್ತು ವೈಲ್ ಅವರ ತಂಡ 1995ರಲ್ಲಿ ತೋರಿಸಿದಂತೆ ಈ ತಿದ್ದುಪಡಿಗೆ ಹೊರಗಿನ ರೋಗಾಣುವಿನ ಪ್ರಚೋದನೆ ಬೇಕಿಲ್ಲ, ಅದು ಮರಿಯ ಬೆಳವಣಿಗೆಯ ಗಡಿಯಾರದಂತೆ ತಾನೇ ನಡೆಯುತ್ತದೆ. ಮೊಲಕ್ಕೆ ಬ್ಯಾಕ್ಟೀರಿಯಾ ಬೇಕು, ಕುರಿಗೆ ಬೇಡ. ಮೇವು ಎರಡಕ್ಕೂ ಹುಲ್ಲು, ಕೆಲಸ ನಡೆಯುವ ಅಂಗವೂ ಒಂದೇ ಕರುಳು. ಕ್ರಮ ಮಾತ್ರ ಬೇರೆ. ದನವಂತೂ ಮೂರನೆಯ ಹಾದಿ ಹಿಡಿದಿದೆ. ಅದರ ಪ್ರತಿಕಾಯಗಳಲ್ಲಿ ಸುಮಾರು ನೂರಕ್ಕೆ ಹತ್ತರಲ್ಲಿ ರೋಗಾಣು ಹಿಡಿಯುವ ಭಾಗದ ಒಂದು ಕುಣಿಕೆ ಅತಿ ಉದ್ದವಾಗಿ, ಅರವತ್ತಕ್ಕೂ ಹೆಚ್ಚು ಅಮೈನೋ ಆಮ್ಲಗಳವರೆಗೆ ಚಾಚಿಕೊಂಡು, ಕಾಂಡದ ತುದಿಗೆ ಗಂಟು ಕಟ್ಟಿದಂತೆ ನಿಲ್ಲುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಚ್‌ಐವಿಯ ಹೊರಪ್ರೋಟೀನ್ ಚುಚ್ಚಿಸಿಕೊಂಡ ಹಸುವೊಂದು 42 ದಿನಗಳಲ್ಲೇ ಆ ವೈರಾಣುವಿನ ಹಲವು ತಳಿಗಳನ್ನು ತಡೆಯುವ ಪ್ರತಿಕಾಯ ತಯಾರಿಸಿತು. ಮನುಷ್ಯರಲ್ಲಿ ವರ್ಷಗಳು ಹಿಡಿಯುವ, ಬಹಳ ಮಂದಿಯಲ್ಲಿ ಆಗದೇ ಉಳಿಯುವ ಕೆಲಸವದು.

ಇಷ್ಟು ಬಗೆಗಳಿದ್ದರೂ ಪಠ್ಯಪುಸ್ತಕಗಳ ‘ಸಸ್ತನಿಯ ರೋಗನಿರೋಧಕತೆ’ ಬಹಳಮಟ್ಟಿಗೆ ಇಲಿಯದು. ತಾ ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಇಲ್ಲಿ ಇಲಿ ಹಿಡಿದವರಿಗೆ ಅನ್ವಯಿಸಬಹುದು. ಇಲಿ ಅಗ್ಗ, ಬೇಗ ಬೆಳೆಯುತ್ತದೆ, ಅದರ ಜೀನನ್ನು ಬೇಕಾದಂತೆ ತೆಗೆಯಬಹುದು, ಸೇರಿಸಬಹುದು. ಹಾಗಾಗಿ ಬೇರೆ ಪ್ರಾಣಿ ಏಕೆ ಎನ್ನುವವರ ವಾದದಲ್ಲಿ ತಥ್ಯವಿದೆ. ಆದರೆ ಮನುಷ್ಯನಲ್ಲೂ ಮೊಲದಲ್ಲೂ ಇದ್ದು ಇಲಿಯಲ್ಲಿ ಇಲ್ಲದ ಜೀನ್‌ಗಳು ಕಡೆಗಣಿಸುವಂಥವಲ್ಲ. ಕ್ಷಯದ ಬ್ಯಾಕ್ಟೀರಿಯಾದ ಮೇಣದಂಥ ಕೊಬ್ಬನ್ನು ಟಿ ಕೋಶಗಳಿಗೆ ಎತ್ತಿ ತೋರಿಸುವ ಸಿಡಿ1ಬಿ ಜೀನ್ ಮನುಷ್ಯನಿಗಿದೆ, ಮೊಲಕ್ಕಿದೆ, ಇಲಿಯ ವಂಶ ಅದನ್ನು ಕಳೆದುಕೊಂಡಿದೆ. ಗಾಯಕ್ಕೆ ಬಿಳಿರಕ್ತಕಣಗಳನ್ನು ಕರೆಯುವ ಇಂಟರ್‌ಲ್ಯೂಕಿನ್-8 ಕೂಡ ಹಾಗೆಯೇ. ಶ್ವಾಸಕೋಶದಲ್ಲಿ ಕ್ಷಯದ ಕುಳಿ ಬೀಳುವುದನ್ನು ಅಭ್ಯಾಸ ಮಾಡಲು ವಿಜ್ಞಾನಿಗಳು ಮೊಲವನ್ನು ಆರಿಸಿದ್ದು ಬರಿಯ ರೂಢಿಯಿಂದಲ್ಲ.

ಪ್ರತಿಕಾಯದ ಬಾಲದ ಕಡೆಯ ಜೀನ್‌ಗಳಲ್ಲಿ ಎಣಿಕೆ ಇನ್ನೂ ವಿಚಿತ್ರ. ರಕ್ತದಲ್ಲಿ ಓಡಾಡುವ ಐಜಿಜಿಗೆ ಮನುಷ್ಯನಲ್ಲಿ ನಾಲ್ಕು ಉಪವರ್ಗಗಳು, ದನದಲ್ಲಿ ಮೂರು, ಸಾಕುಮೊಲದಲ್ಲಿ ಒಂದೇ. ಐಜಿಡಿ ಜೀನ್ ಮನುಷ್ಯ, ಇಲಿ, ದನ, ಕುರಿಗಳಲ್ಲಿದ್ದರೆ ಮೊಲದಲ್ಲಿ ಇಲ್ಲವೇ ಇಲ್ಲ. ಇದಕ್ಕೆ ಎದುರಾಗಿ, ಕರುಳು-ಮೂಗು-ಬಾಯಿಗಳ ಲೋಳೆಯಲ್ಲಿ ಕಾವಲಿರುವ ಐಜಿಎಗೆ ಇಲಿಯಲ್ಲಿ ಒಂದು ಜೀನ್, ಮನುಷ್ಯನಲ್ಲಿ ಎರಡು, ಸಾಕುಮೊಲದಲ್ಲಿ ಹದಿಮೂರಕ್ಕೂ ಹೆಚ್ಚು. ಮೊಲದ ಹೊಟ್ಟೆಪಾಡನ್ನು ನೆನೆದರೆ ಇದಕ್ಕೊಂದು ವಿವರಣೆ ಹೊಳೆಯುತ್ತದೆ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿಂದು, ಕುರುಡುಕರುಳಿನ ಬ್ಯಾಕ್ಟೀರಿಯಾಗಳನ್ನು ಮತ್ತೆ ಮತ್ತೆ ಬಾಯಿಂದ ಒಳಗೆ ಕಳಿಸುತ್ತದೆ. ಹುಲ್ಲಿನಿಂದ ಸತ್ವ ಹಿಂಡುವ ಈ ಉಪಾಯ ಲೋಳೆಪೊರೆಗೆ ಎಡೆಬಿಡದ ಪರೀಕ್ಷೆ. ಕಾವಲು ಹೆಚ್ಚಿದ್ದು ಅದಕ್ಕಾಗಿಯೇ ಎಂಬ ಊಹೆ ಸೊಗಸಾಗಿದೆ, ಆದರೆ ಊಹೆಯನ್ನು ಪ್ರಮಾಣವೆಂದು ಎಣಿಸಬಾರದು. ಬ್ಯಾಕ್ಟೀರಿಯಾಗಳೇ ವಾಸವಿರುವ ನಾಲ್ಕು ಕೋಣೆಯ ಹೊಟ್ಟೆ ಹೊತ್ತು ಮೆಲುಕು ಹಾಕುವ ಕುರಿಗೆ ಹಾಗೆ ಐಜಿಎ ಹೆಚ್ಚಿಲ್ಲ. ಹಗುರ ಸರಪಳಿಯಲ್ಲೂ ಇಂಥ ಓಲಾಟವಿದೆ: ಮೊಲ ಮತ್ತು ಇಲಿ ಬಹುಪಾಲು ಕಪ್ಪಾ ಬಗೆಯನ್ನು, ಕುರಿ ಮತ್ತು ದನ ಬಹುಪಾಲು ಲ್ಯಾಂಬ್ಡಾ ಬಗೆಯನ್ನು, ಮನುಷ್ಯ ಎರಡನ್ನೂ ಬಳಸುತ್ತಾನೆ.

ಜೀನ್ ಹೆಚ್ಚಿದ್ದಷ್ಟೂ ರಕ್ಷಣೆ ಹೆಚ್ಚು ಎಂದು ಇನ್ನೂ ನಂಬುವವರಿಗೆ ಮಿಕ್ಸೊಮಾ ವೈರಾಣುವಿನ ಕಥೆ ಉತ್ತರ ಹೇಳುತ್ತದೆ. ದಕ್ಷಿಣ ಅಮೆರಿಕದ ಕಾಟನ್‌ಟೇಲ್ ಮೊಲಗಳಲ್ಲಿ ಚರ್ಮದ ಗಂಟಿನಷ್ಟಕ್ಕೆ ನಿಲ್ಲುವ ಈ ವೈರಾಣುವನ್ನು 1950ರಲ್ಲಿ ಆಸ್ಟ್ರೇಲಿಯದ ಮೊಲಗಳ ಕಾಟ ಇಳಿಸಲೆಂದೇ ಬಿಟ್ಟರು. ಹದಿಮೂರಕ್ಕೂ ಹೆಚ್ಚು ಐಜಿಎ ಜೀನ್ ಇದ್ದ ಪ್ರಾಣಿಗಳು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೇಲ್ಪಟ್ಟು ಸತ್ತವು. 1952ರಲ್ಲಿ ಅದು ಫ್ರಾನ್ಸ್‌ಗೆ, ಮರುವರ್ಷ ಬ್ರಿಟನ್ನಿಗೆ ಹೊಕ್ಕಿತು. ಅಳಿದುಳಿದ ಮೊಲಗಳ ಸಂತಾನ ಕೆಲವೇ ದಶಕಗಳಲ್ಲಿ ತಾಳಿಕೆ ಬೆಳೆಸಿಕೊಂಡಿತು. ವಸ್ತುಸಂಗ್ರಹಾಲಯಗಳ ಹಳೆಯ ಮೊಲಗಳ ಜೀನ್‌ಗಳನ್ನು ಇಂದಿನವುಗಳೊಡನೆ ಹೋಲಿಸಿದ 2019ರ ಅಧ್ಯಯನ ಕಂಡದ್ದೇನೆಂದರೆ, ಮೂರೂ ದೇಶಗಳಲ್ಲಿ ಬಹಳಷ್ಟು ಅದೇ ಜೀನ್ ರೂಪಗಳು ಮೇಲೆದ್ದಿದ್ದವು, ಅವುಗಳಲ್ಲಿ ಇಂಟರ್‌ಫೆರಾನ್ ಜೀನೊಂದೂ ಇತ್ತು. ಹೊಸ ಜೀನ್ ಸೇರಿರಲಿಲ್ಲ. ಹಿಂಡಿನಲ್ಲಿ ಮೊದಲೇ ಚದುರಿದ್ದ, ಒಂದೊಂದೂ ಅಲ್ಪ ಬಲದ ರೂಪಗಳು ಒಟ್ಟುಗೂಡಿ ಗೆದ್ದಿದ್ದವು. ಆದ್ದರಿಂದ ತಳಿಯೊಂದರ ಒಳಗಿನ ವೈವಿಧ್ಯವೇ ಅದರ ಇಡುಗಂಟು. ಬಳ್ಳಾರಿ ಕುರಿಯ ಹಿಂಡಿನಲ್ಲಿ ಕರಿ, ಬಿಳಿ, ಮಿಶ್ರ ಬಣ್ಣಗಳೆಲ್ಲ ಇರುವುದು ಕಣ್ಣಿಗೆ ಕಾಣುತ್ತದೆ. ಹೊಟ್ಟೆಹುಳು ತಾಳುವ ಶಕ್ತಿಗೂ ಕುರಿಯ ಡಿಆರ್‌ಬಿ1 ಎಂಬ ರೋಗನಿರೋಧಕ ಜೀನಿನ ರೂಪಗಳಿಗೂ ನಂಟಿರುವುದು ಸ್ಕಾಟ್ಲೆಂಡಿನ ತಳಿಯೊಂದರಲ್ಲಿ ಕಂಡುಬಂದಿದೆ. ಒಂದೇ ಟಗರಿನಿಂದ ಇಡೀ ಹಿಂಡನ್ನು ಬೆಳೆಸುವುದು ಈ ಕಾರಣಕ್ಕೂ ಅಪಾಯ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಮೊಲದ ಈ ವಿಚಿತ್ರಗಳೆಲ್ಲ ಗೂಡಿನಲ್ಲಿ ಸಾಕಿ, ಒಳಸಂತಾನ ಬೆಳೆಸಿದ್ದರ ಫಲವಿರಬಾರದೇಕೆ? ಮೂರು ಸಾಕ್ಷ್ಯಗಳು ಇದನ್ನು ಒಪ್ಪುವುದಿಲ್ಲ. ವಿಜ್ಞಾನಿ ಊದಾಂ 1956ರಲ್ಲಿ ಮೊಲದ ಪ್ರತಿಕಾಯಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಭೇದಗಳನ್ನು ಗುರುತಿಸಿ ಅಲೊಟೈಪ್ ಎಂದು ಕರೆದ. ವಿಎಚ್1ರ ಆ ಭೇದಗಳಿಗೆ ಹತ್ತಿರದ ರೂಪ ಉತ್ತರ ಅಮೆರಿಕದ ಹಿಮಮೊಲದಲ್ಲೂ ಇದೆ, ಅದು ಲೀಪಸ್ ಕುಲದ್ದು. ಎಂದರೆ ಭೇದಗಳು ಸಾಕಣೆಗಿಂತ ಹಳೆಯವು, ಕುಲಗಳ ಕವಲಿಗಿಂತಲೂ ಹಳೆಯವು. ಮೊಲದ ಜೀನೋಮಿನಲ್ಲಿ ಹೂತುಹೋಗಿರುವ ರೆಲಿಕ್ ಎಂಬ ಹಳೆಯ ವೈರಾಣು ಎರಡನೆಯದು. ಎಚ್‌ಐವಿಯ ಬಳಗದ ಈ ಲೆಂಟಿವೈರಸ್ 2007ರಲ್ಲಿ ಸಾಕುಮೊಲದಲ್ಲಿ ಪತ್ತೆಯಾಯಿತು. ಆಮೇಲೆ ಲೀಪಸ್‌ನಲ್ಲೂ ಸಿಕ್ಕಿತು. ಹಾಗಾಗಿ ಆ ಸೋಂಕು 1.2 ಕೋಟಿ ವರ್ಷಕ್ಕೂ ಹಿಂದಿನದು. ಮೂರನೆಯದು ಸಿಸಿಆರ್5. ಮನುಷ್ಯನಲ್ಲಿ ಎಚ್‌ಐವಿಗೆ ಬಾಗಿಲಾಗುವ ಈ ಗ್ರಾಹಿಯ ಒಂದು ಭಾಗ ಸಾಕುಮೊಲದಲ್ಲಿ ಪಕ್ಕದ ಸಿಸಿಆರ್2ರ ನಕಲಿನಿಂದ ಅಳಿಸಿಹೋಗಿದೆ. ಜಪಾನಿನ ಅಮಾಮಿ ದ್ವೀಪದ ಮೊಲದಲ್ಲೂ ಇದೇ ಬದಲಾವಣೆ ಇದೆ, ಲೀಪಸ್‌ನಲ್ಲಿ ಇಲ್ಲ. ಯಾವ ರೋಗದ ಒತ್ತಡದಿಂದ ಹೀಗಾಯಿತೆಂದು ಬೆರಳು ತೋರಿಸಲಾಗದು, ಆಕಸ್ಮಿಕವೂ ಆಗಿರಬಹುದು. ಆದರೆ ಗೂಡಿನ ಮೊಲ ಸಾಗರದಾಚೆಯ ದ್ವೀಪದ ಕಾಡುಪ್ರಾಣಿಯೊಡನೆ ಹಂಚಿಕೊಂಡ ಬದಲಾವಣೆಗೆ ಸಾಕಣೆ ಕಾರಣವಾಗಲಾರದು.

ಜೀನ್ ಇತ್ತೆಂದರೆ ಸಾಲದು, ಅದು ಮೈಯ ಯಾವ ಜಾಗದಲ್ಲಿ ಕೆಲಸಕ್ಕಿಳಿಯುತ್ತದೆ ಎಂಬುದಕ್ಕೆ ಈ ತಾಲ್ಲೂಕುಗಳ ಕುರಿಹಟ್ಟಿಯಲ್ಲಿ ಪ್ರತಿದಿನದ ನಿದರ್ಶನವಿದೆ. ತಾಯಿಯ ಪ್ರತಿಕಾಯವನ್ನು ಮರಿಗೆ ದಾಟಿಸುವ ಎಫ್‌ಸಿಆರ್‌ಎನ್ ಎಂಬ ಗ್ರಾಹಿ ಮೂವರಲ್ಲೂ ಇದೆ. ಮನುಷ್ಯನಲ್ಲಿ ಅದು ಮಾಸದಲ್ಲಿ, ಎಂದರೆ ಜರಾಯುವಿನಲ್ಲಿ, ದುಡಿಯುತ್ತದೆ, ಮಗು ತಾಯಿಯ ರಕ್ಷಣೆ ಹೊತ್ತೇ ಹುಟ್ಟುತ್ತದೆ. ಮೊಲದಲ್ಲಿ ಭ್ರೂಣದ ಹಳದಿಚೀಲದ ಮೂಲಕ ಅದೇ ಕೆಲಸ ಆಗುತ್ತದೆ. ವಿಜ್ಞಾನಿ ಬ್ರಾಂಬೆಲ್ ಈ ಸಾಗಣೆಯ ಸಿದ್ಧಾಂತವನ್ನು ಕಟ್ಟಿದ್ದು ಮೊಲದ ಮೇಲಿನ ಪ್ರಯೋಗಗಳಿಂದ. ಕುರಿಯ ಮಾಸ ಪ್ರತಿಕಾಯವನ್ನು ಬಿಡುವುದೇ ಇಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಮೊದಲ ಗಿಣ್ಣಹಾಲಿನಲ್ಲಿರುವ ಪ್ರತಿಕಾಯವನ್ನು ಅದರ ಕರುಳು ಒಂದು ದಿನದೊಳಗೆ ಮಾತ್ರ ಹಾಗೇ ಹೀರಿಕೊಳ್ಳುತ್ತದೆ, ಆಮೇಲೆ ಬಾಗಿಲು ಮುಚ್ಚುತ್ತದೆ. ಹುಟ್ಟಿದ ಕೂಡಲೇ ಮರಿಯನ್ನು ಕೆಚ್ಚಲಿಗೆ ಹಚ್ಚುವ ಕುರಿಗಾಹಿಯ ಆತುರಕ್ಕೆ ಜೀವಶಾಸ್ತ್ರದ ಪೂರ್ಣ ಬೆಂಬಲವಿದೆ. ಇದೇ ಗಿಣ್ಣ ಮುಂದೆ ಲಸಿಕೆಯ ದಿನವನ್ನೂ ಗೊತ್ತುಮಾಡುತ್ತದೆ. ಹಿರೇಬೇನೆ ಎನ್ನುವ ಪಿಪಿಆರ್ ರೋಗದ ಲಸಿಕೆಯನ್ನು ಮರಿಗೆ ಮೂರು-ನಾಲ್ಕು ತಿಂಗಳಾಗುವವರೆಗೆ ಹಾಕುವುದಿಲ್ಲ, ತಾಯಿಯಿಂದ ಬಂದ ಪ್ರತಿಕಾಯವೇ ಲಸಿಕೆಯ ಜೀವಂತ ವೈರಾಣುವನ್ನು ಮೊದಲು ತಿಂದುಹಾಕುತ್ತದೆ.

ಹಿರೇಬೇನೆಯ ವೈರಾಣು ಭಾರತದಲ್ಲಿ ಮೊದಲು ದಾಖಲಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ದನಗಳ ದೊಡ್ಡರೋಗ, ಮನುಷ್ಯರ ದಡಾರ, ನಾಯಿಯ ಡಿಸ್ಟೆಂಪರ್ ಇವೆಲ್ಲ ಅದರ ದಾಯಾದಿಗಳು. ಎಲ್ಲವೂ ಬಿಳಿರಕ್ತಕಣಗಳ ಮೇಲಿನ ಸ್ಲಾಮ್ ಎಂಬ ಗ್ರಾಹಿಯನ್ನೇ ಹಿಡಿದು ಒಳನುಗ್ಗುತ್ತವೆ. ರೋಗ ಓಡಿಸಬೇಕಾದ ಜೀನೇ ರೋಗಕ್ಕೆ ಹಿಡಿಕೆಯಾಗುವುದು ಹೀಗೆ. ಆ ಜೀನಿನ ಸಣ್ಣ ವ್ಯತ್ಯಾಸಗಳು ಯಾವ ವೈರಾಣು ಯಾವ ಪ್ರಾಣಿಗೆ ತಗುಲೀತು ಎಂಬುದಕ್ಕೆ ಒಂದು ಕಾರಣ. ವೈರಾಣುವನ್ನು ಒಗ್ಗದ ಪ್ರಾಣಿಯಲ್ಲಿ ಮತ್ತೆ ಮತ್ತೆ ಬೆಳೆಸಿ ಸಪ್ಪೆಮಾಡುವ ಲಸಿಕಾವಿದ್ಯೆ ಈ ವ್ಯತ್ಯಾಸವನ್ನೇ ತಿಳಿಯದೆ ಬಳಸಿಕೊಂಡಿತು. ಮುಕ್ತೇಶ್ವರದಲ್ಲಿ ವಿಜ್ಞಾನಿ ಎಡ್ವರ್ಡ್ಸ್ 1920ರ ದಶಕದಲ್ಲಿ ದೊಡ್ಡರೋಗದ ವೈರಾಣುವನ್ನು ಆಡುಗಳಲ್ಲಿ ಸಾಗಿಸಿದ, ಆಮೇಲೆ ನಕಮುರಾ ಎಂಬ ವಿಜ್ಞಾನಿ ಮೊಲಗಳಲ್ಲಿ ಸಾಗಿಸಿದ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಆರಂಭವಾದ ಸೀರಂ ಸಂಸ್ಥೆ ಹುಟ್ಟಿದ್ದೂ ದೊಡ್ಡರೋಗದ ವಿರುದ್ಧವೇ. 2011ರಲ್ಲಿ ಆ ರೋಗ ಲೋಕದಿಂದಲೇ ಅಳಿಯಿತೆಂದು ಘೋಷಣೆಯಾಯಿತು. ಹಿಂಡು ಉಳಿಸುವುದು ಲಸಿಕೆ, ಮೇವು, ನೀರು; ಹಾಗಿರುವಾಗ ಜೀನ್ ಪಟ್ಟಿಯಿಂದ ಕುರಿಗಾಹಿಗೆ ಏನು ಲಾಭ ಎನ್ನುವ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಯಾವ ಪ್ರಾಣಿಯಲ್ಲಿ ಲಸಿಕೆ ತಯಾರಿಸಬೇಕು, ಮರಿಗೆ ಯಾವ ತಿಂಗಳು ಚುಚ್ಚಬೇಕು ಎಂಬ ಲೆಕ್ಕದ ಬೇರು ಆ ಪಟ್ಟಿಯಲ್ಲಿದೆ.

ಮನುಷ್ಯನ ಚಿಕಿತ್ಸೆಗೂ ಮೊಲದ ಈ ಬೇರೆತನ ನೆರವಾಗಿದೆ. 1885ರಲ್ಲಿ ಪಾಶ್ಚರ್ ಕೊಟ್ಟ ರೇಬಿಸ್ ಲಸಿಕೆ ಒಣಗಿಸಿದ ಮೊಲದ ಬೆನ್ನುಹುರಿಯದು. ಭಾರತದಲ್ಲಿ ಬಹುಕಾಲ ನಡೆದದ್ದು ಕುರಿಯ ಮಿದುಳಿನಿಂದ ತಯಾರಾದ ಸೆಂಪಲ್ ಲಸಿಕೆ, ಹಳಬರ ನೆನಪಿನಲ್ಲಿರುವ ಹೊಕ್ಕುಳ ಸುತ್ತಲಿನ ಹದಿನಾಲ್ಕು ಚುಚ್ಚುಮದ್ದು. ಕುರಿಯ ನರಹೊದಿಕೆಯ ಪ್ರೋಟೀನ್ ಮನುಷ್ಯನದನ್ನು ಬಹಳ ಹೋಲುವುದರಿಂದ ಕೆಲವರಲ್ಲಿ ರೋಗನಿರೋಧಕ ಪಡೆ ತನ್ನದೇ ನರಗಳ ಮೇಲೆ ತಿರುಗಿಬಿದ್ದು ಲಕ್ವ ಹೊಡೆಯುತ್ತಿತ್ತು. ಅತಿ ಹೋಲಿಕೆಯ ಅಪಾಯವದು. ಪ್ರತಿಕಾಯ ತಯಾರಿಕೆಯಲ್ಲಿ ಮೊಲದ ಲಾಭ ಇದಕ್ಕೆ ತಿರುವುಮುರುವು: ಮನುಷ್ಯನ ಪ್ರೋಟೀನಿನಲ್ಲಿ ಇಲಿ ತನ್ನದೇ ಎಂದು ಕಡೆಗಣಿಸುವ ಮೂಲೆಗಳನ್ನು ಮೊಲ ಪರಕೀಯವೆಂದು ಗುರುತಿಸುತ್ತದೆ, ತೇಪೆ-ತಿದ್ದುಪಡಿಗಳಿಂದ ಅದರ ಹಿಡಿತವೂ ಬಿಗಿ. ಕಣ್ಣಿನ ಅಕ್ಷಿಪಟಲದ ರೋಗಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬ್ರೊಲುಸಿಜುಮ್ಯಾಬ್, ಮರುವರ್ಷ ಅರೆತಲೆನೋವಿಗೆ ಬಂದ ಎಪ್ಟಿನೆಜುಮ್ಯಾಬ್ ಎರಡೂ ಮೊಲದ ಪ್ರತಿಕಾಯವನ್ನು ಮಾನವೀಕರಿಸಿ ಮಾಡಿದವು.

ಸಾಕುಮೊಲದ ಈ ತಿಳಿವನ್ನು ಗುಡೇಕೋಟೆಯ ಕಲ್ಲುಗುಡ್ಡಗಳ ನಡುವಿನ ಕಾಡುಮೊಲಕ್ಕೆ ಹಾಗೆಯೇ ತಗುಲಿಸುವುದು ತಪ್ಪು. ಸಿಸಿಆರ್5 ಎರಡರಲ್ಲಿ ಒಂದೇ ಅಲ್ಲ. ಮಿಕ್ಸೊಮಾ ದಶಕಗಳ ಕಾಲ ಯುರೋಪಿನ ಸಾಕುಮೊಲದ ಕುಲವನ್ನು ಕೊಂದಾಗ ಪಕ್ಕದಲ್ಲಿದ್ದ ಲೀಪಸ್‌ಗಳು ಹೆಚ್ಚೂಕಡಿಮೆ ಸುರಕ್ಷಿತವಾಗಿದ್ದವು. 2018ರಲ್ಲಿ ವೈರಾಣು ಹೊಸ ಜೀನ್ ತುಂಡು ಪಡೆದ ಮೇಲೆ ಸ್ಪೇನಿನ ಐಬೀರಿಯ ಕಾಡುಮೊಲಗಳು ಸಾಯತೊಡಗಿದವು. 1984ರಲ್ಲಿ ಚೀನಾದಲ್ಲಿ ಕಂಡ ಮೊಲದ ರಕ್ತಸ್ರಾವ ರೋಗವೂ ಮೊದಲು ಒಂದೇ ಕುಲದ್ದಾಗಿತ್ತು. 2010ರಲ್ಲಿ ಫ್ರಾನ್ಸ್‌ನಲ್ಲಿ ಎದ್ದ ಅದರ ಎರಡನೆಯ ರೂಪ ಕಾಡುಮೊಲಗಳಿಗೂ ಹತ್ತುತ್ತದೆ. ಸಾಕುಮೊಲದ ಗೂಡುಗಳನ್ನು ಕುರುಚಲು ಕಾಡಿನ ಅಂಚಿನಲ್ಲಿ ಇಡುವವರು, ಸತ್ತ ಮೊಲವನ್ನು ಬಯಲಿಗೆ ಎಸೆಯುವವರು ಇದನ್ನು ಗಮನಿಸಬೇಕು. ಎರಡರ ಬೇರೆತನ ವರ್ಣತಂತುಗಳಲ್ಲೂ ಇದೆ: ಸಾಕುಮೊಲದವು 44, ಕಾಡುಮೊಲದವು 48. ಇವೆರಡರ ನಡುವೆ ಸಂಕರ ಮರಿ ಹುಟ್ಟುವುದಿಲ್ಲ.